ಸಿ ಪ್ರೋಗ್ರಾಂ ಓದಿದರೆ ಅರ್ಥವಾಗುತ್ತದೆ, ಬರೆಯಲು ಕೂತರೆ ಕೈ ಓಡುವುದಿಲ್ಲ

ತುಂಗಾತೀರ:
ನಾನು ಮೊದಲ ಸೆಮಿಸ್ಟರ್, ಕಂಪ್ಯೂಟರ್ ಸೈನ್ಸ್, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಿಲಬಸ್. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಲ್ಯಾಬ್‌ನಲ್ಲಿ ಈಗ ಕರೆಂಟ್ ಬಿಲ್ ಲೆಕ್ಕ ಹಾಕುವ ಪ್ರೋಗ್ರಾಂ ನಡೀತಾ ಇದೆ. ಪ್ರಶ್ನೆಯಲ್ಲಿ ಕೊಟ್ಟಿರುವುದು ಇಷ್ಟು: ಮೊದಲ 200 ಯೂನಿಟ್‌ಗೆ 80 ಪೈಸೆ, ಮುಂದಿನ 100ಕ್ಕೆ 90 ಪೈಸೆ, 300 ದಾಟಿದ್ದಕ್ಕೆ ಯೂನಿಟ್‌ಗೆ 1 ರೂಪಾಯಿ. ಮೀಟರ್ ಚಾರ್ಜ್ ಕನಿಷ್ಠ 100 ರೂಪಾಯಿ. ಒಟ್ಟು 400ಕ್ಕಿಂತ ಜಾಸ್ತಿಯಾದರೆ 15% ಸರ್‌ಚಾರ್ಜ್.

ಸೀನಿಯರ್ ರೆಕಾರ್ಡ್ ನೋಡಿದರೆ ಸಾಲು ಸಾಲೂ ಅರ್ಥವಾಗುತ್ತದೆ. ಅದನ್ನು ಮುಚ್ಚಿಟ್ಟು ಕೂತರೆ ಪ್ರೋಗ್ರಾಂ ಶುರುವಾಗುವ ‘ಮೇನ್’ ಸಾಲು ಬರೆದಲ್ಲಿಗೆ ಎಲ್ಲ ನಿಂತುಹೋಗುತ್ತದೆ. ಎಲ್ಲರೂ ‘ಸುಮ್ನೆ ಬೈಹಾರ್ಟ್ ಮಾಡು, ಪರೀಕ್ಷೆಗೆ ಇಷ್ಟೇ ಪ್ರೋಗ್ರಾಂ’ ಅನ್ನುತ್ತಾರೆ. ನನಗೆ ನಿಜವಾಗಿ ಕಲಿಯಬೇಕು. ಲಾಜಿಕ್ ಎಲ್ಲಿಂದ ಶುರು ಮಾಡಬೇಕು?

ಲ್ಯಾಬ್ ಮೇಡಂ:
ಮೊದಲ ವರ್ಷದವರಿಗೆ ಸಿ ಲ್ಯಾಬ್ ಮಾಡಿಸುವುದೇ ನನ್ನ ಕೆಲಸ. ನಿಜವಾಗಿ ಕಲಿಯಬೇಕು ಅಂದಿರಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಕಂಪ್ಯೂಟರ್ ಆನ್ ಮಾಡಬೇಡಿ. ಒಂದು ಹಾಳೆ ತೆಗೆದುಕೊಂಡು 250 ಯೂನಿಟ್‌ನ ಬಿಲ್ ಕೈಯಲ್ಲಿ ಹಾಕಿ. ಕನ್ನಡದಲ್ಲೇ ಬರೆಯಿರಿ. ಮೊದಲ 200ಕ್ಕೆ 160 ರೂಪಾಯಿ. ಉಳಿದ 50ಕ್ಕೆ 45. ಸೇರಿ 205. ಮೀಟರ್ ಚಾರ್ಜ್ 100 ಕೂಡಿಸಿದರೆ 305. 400 ದಾಟಲಿಲ್ಲ, ಸರ್‌ಚಾರ್ಜ್ ಇಲ್ಲ.

ಈಗ ನೀವು ಮಾಡಿದ್ದನ್ನೇ ನೋಡಿ. ‘ಉಳಿದ 50’ ಅಂದಿರಲ್ಲ, ಅದಕ್ಕೆ 250ರಲ್ಲಿ 200 ಕಳೆದಿರಿ. ಆ ಕಳೆಯುವಿಕೆಯೇ ಇಲ್ಲಿನ ಲಾಜಿಕ್. ತುಂಬಾ ಮಕ್ಕಳು ‘300ರ ಒಳಗಿದ್ದರೆ ಯೂನಿಟ್ ಗುಣಿಸು 90 ಪೈಸೆ’ ಅಂತ ಬರೆದುಬಿಡುತ್ತಾರೆ. ಆಗ 250ಕ್ಕೆ 225 ಬರುತ್ತದೆ, ಬಿಲ್ 325 ಆಗುತ್ತದೆ. ಪ್ರೋಗ್ರಾಂ ಒಂದೂ ಎರರ್ ಕೊಡುವುದಿಲ್ಲ, ಚೆನ್ನಾಗಿ ರನ್ ಆಗುತ್ತದೆ. ಹಾಳೆಯಲ್ಲಿ 305 ಇಲ್ಲದಿದ್ದರೆ ಅದು ತಪ್ಪು ಅಂತ ಯಾರು ಹೇಳಬೇಕು?

ಆಮೇಲೆ ಸಂಖ್ಯೆಗಳನ್ನು ಬೇಕೆಂದೇ ಗಡಿಯಲ್ಲಿ ಹಿಡಿಯಿರಿ. 0, 200, 201, 300, 301. ಇವೆಲ್ಲಕ್ಕಿಂತ ನನಗಿಷ್ಟ 350. ಅದಕ್ಕೆ 160 + 90 + 50, ಅಂದರೆ 300. ಮೀಟರ್ ಸೇರಿ ಸರಿಯಾಗಿ 400! ಪ್ರಶ್ನೆಯಲ್ಲಿ ‘400ಕ್ಕಿಂತ ಜಾಸ್ತಿ’ ಅಂತಿದೆ, ಹಾಗಾಗಿ ಸರ್‌ಚಾರ್ಜ್ ಬೀಳಬಾರದು. 351ಕ್ಕೆ 401 ಆಗಿ, 15% ಸೇರಿ 461.15 ಬರಬೇಕು. ‘ಹೆಚ್ಚು’ ಚಿಹ್ನೆ ಹಾಕುವ ಕಡೆ ‘ಹೆಚ್ಚು ಅಥವಾ ಸಮ’ ಹಾಕಿದ್ದರೆ ಈ ಒಂದು ಸಂಖ್ಯೆಯಲ್ಲೇ ಸಿಕ್ಕಿಬೀಳುತ್ತದೆ.

ಇನ್ನೊಂದು. ‘ಕನಿಷ್ಠ 100’ ಅಂದರೆ ಬಿಲ್‌ಗೆ 100 ಕೂಡಿಸಬೇಕೋ, ಬಿಲ್ 100ಕ್ಕಿಂತ ಕಡಿಮೆ ಇದ್ದರೆ ಮಾತ್ರ 100 ಮಾಡಬೇಕೋ? ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಕೂಡಿಸುತ್ತಾರೆ. ನೀವು ಯಾವ ಅರ್ಥ ಹಿಡಿದಿರಿ ಅನ್ನುವುದನ್ನು ಕಾಮೆಂಟ್‌ನಲ್ಲಿ (ಕೋಡ್ ಓದುವವರಿಗಾಗಿ ಬರೆಯುವ ಟಿಪ್ಪಣಿ) ಒಂದು ಸಾಲು ಬರೆದಿಡಿ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಅದನ್ನೇ ಕೇಳಿದರೆ ಧೈರ್ಯವಾಗಿ ಹೇಳಬಹುದು.

ಕೋಡ್‌ಕಟ್ಟೆ:
ಮೇಡಂ ಹೇಳಿದ್ದು ಸರಿ. ಆದರೂ ಪರೀಕ್ಷೆ ಹತ್ತಿರ ಇದ್ದರೆ ಸ್ವಲ್ಪ ಬೈಹಾರ್ಟ್ ಬೇಕಾಗುತ್ತದೆ, ಅದನ್ನು ಪೂರ್ತಿ ಬಿಡಿ ಅನ್ನಲಾರೆ.

ಎರರ್ ಬಗ್ಗೆ ಒಂದು ಮಾತು. ಪರದೆ ತುಂಬ ಇಂಗ್ಲಿಷ್ ಬಂದರೆ ಗಾಬರಿ ಬೇಡ. ಮೊದಲನೆಯದನ್ನು ಮಾತ್ರ ಓದಿ, ಸಾಲಿನ ಸಂಖ್ಯೆ ನೋಡಿ, ಅದಷ್ಟೇ ಸರಿಮಾಡಿ ಮತ್ತೆ ಕಂಪೈಲ್ ಮಾಡಿ (ಅಂದರೆ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸಿ). ಒಂದು ಸೆಮಿಕೋಲನ್ ಹಾಕಿದರೆ ಕೆಳಗಿನವು ಎಷ್ಟೋ ತಾವಾಗಿಯೇ ಮಾಯವಾಗುತ್ತವೆ. ‘ಪೈಥಾನ್ ಟ್ಯೂಟರ್’ ಅಂತ ವೆಬ್‌ಸೈಟ್ ಇದೆ. ಹೆಸರು ಹಾಗಿದ್ದರೂ ಸಿ ಕೂಡ ನಡೆಯುತ್ತದೆ. ಒಂದೊಂದೇ ಸಾಲು ಓಡಿಸಿ ಯಾವ ವೇರಿಯೇಬಲ್‌ನಲ್ಲಿ (ಬೆಲೆ ಇಟ್ಟುಕೊಳ್ಳುವ ಹೆಸರು) ಏನಿದೆ ಅಂತ ತೋರಿಸುತ್ತದೆ. ಲೂಪ್, ಅಂದರೆ ಅದೇ ಸಾಲುಗಳು ಮತ್ತೆ ಮತ್ತೆ ಓಡುವುದು, ಅರ್ಥವಾಗದವರಿಗೆ ಬಹಳ ಅನುಕೂಲ.

ಲ್ಯಾಬ್ ಮೇಡಂ:
ಬೈಹಾರ್ಟ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಇನ್‌ಪುಟ್ ಓದುವ ಸ್ಕ್ಯಾನ್‌ಎಫ್‌ನಲ್ಲಿ ಆಂಪರ್ಸೆಂಡ್ (&) ಎಲ್ಲಿ ಹಾಕಬೇಕು, ಫಾರ್ ಲೂಪ್‌ನ ಮೂರು ಭಾಗ ಯಾವುವು, ಇಷ್ಟು ಬರೆದು ಬರೆದು ಕೈಗೆ ಹತ್ತಬೇಕು, ಅದು ಬೇರೆ. ಇಡೀ ಪ್ರೋಗ್ರಾಂ ಉರು ಹೊಡೆದವರ ಹತ್ತಿರ ‘200ರ ಬದಲು 150 ಯೂನಿಟ್ ಮಾಡು’ ಅಂದರೆ ಒಂದು ಕಡೆ ಬದಲಾಯಿಸಿ ಇನ್ನೊಂದು ಕಡೆ 160 ರೂಪಾಯಿಯನ್ನು ಹಾಗೇ ಬಿಡುತ್ತಾರೆ. ಅದು ಎಲ್ಲಿಂದ ಬಂತು ಅನ್ನುವುದೇ ಗೊತ್ತಿರುವುದಿಲ್ಲ. ಬುದ್ಧಿವಂತ ಮಕ್ಕಳು ಹೀಗೆ ಒದ್ದಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಪೈಥಾನ್ ಟ್ಯೂಟರ್ ಸಲಹೆ ಮಾತ್ರ ಚೆನ್ನಾಗಿದೆ, ನಾನೂ ತೋರಿಸುತ್ತೇನೆ.

ತುಂಗಾತೀರ:
ಹಾಳೆಯಲ್ಲಿ ಲೆಕ್ಕ ಮಾಡಿ ಆಮೇಲೆ ಬರೆದೆ, ನೋಡದೇ ಬಂತು! 250ಕ್ಕೆ 305, 350ಕ್ಕೆ 400 ಸರಿ ಇದೆ. ಆದರೆ 351ಕ್ಕೆ 461.15ರ ಬದಲು 401 ತೋರಿಸುತ್ತಿದೆ. 400 ದಾಟಿತೇ ಅಂತ ನೋಡುವ ಇಫ್ ಒಳಗೆ ಹೋಗುತ್ತಿದೆ, ಪರದೆಗೆ ಬರೆಯುವ ಪ್ರಿಂಟ್‌ಎಫ್ ಹಾಕಿ ನೋಡಿದೆ. ಸರ್‌ಚಾರ್ಜ್‌ಗೆ ‘15 ಭಾಗಿಸು 100, ಗುಣಿಸು ಒಟ್ಟು’ ಅಂತ ಬರೆದಿದ್ದೇನೆ.

ಲ್ಯಾಬ್ ಮೇಡಂ:
ಪ್ರಿಂಟ್‌ಎಫ್ ಹಾಕಿ ನೋಡಿದಿರಲ್ಲ, ತುಂಬಾ ಖುಷಿಯಾಯಿತು. 15 ಕೂಡ ಪೂರ್ಣಾಂಕ, 100 ಕೂಡ ಪೂರ್ಣಾಂಕ. ಸಿ ಅವೆರಡನ್ನು ಭಾಗಿಸಿದಾಗ ದಶಮಾಂಶವನ್ನು ಬಿಟ್ಟುಬಿಡುತ್ತದೆ, ಉತ್ತರ 0. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ, ಅಲ್ವಾ? 15.0 ಅಂತ ಬರೆಯಿರಿ, ಸರಿಹೋಗುತ್ತದೆ. ಫ್ಯಾರನ್‌ಹೀಟ್ ಪ್ರೋಗ್ರಾಂನಲ್ಲಿ 5 ಭಾಗಿಸು 9 ಬರೆದಾಗ ಎಲ್ಲ ಉತ್ತರವೂ ಸೊನ್ನೆ ಬರುವುದು ಇದೇ ಕಾರಣಕ್ಕೆ.

ಕೋಡ್‌ಕಟ್ಟೆ:
ಇದರ ಜೊತೆಗೇ ಇಂಟ್‌ನ (ಸಿ ಭಾಷೆಯಲ್ಲಿ ಪೂರ್ಣಾಂಕ ಇಡುವ ಜಾಗ) ಮಿತಿಯನ್ನೂ ನೋಡಿಬಿಡಿ. ಫ್ಯಾಕ್ಟೋರಿಯಲ್ (1ರಿಂದ ಆ ಸಂಖ್ಯೆವರೆಗಿನ ಎಲ್ಲದರ ಗುಣಲಬ್ಧ) ಪ್ರೋಗ್ರಾಂಗೆ 12 ಕೊಟ್ಟರೆ 479001600, ಸರಿ. 13ಕ್ಕೆ 6227020800 ಬರಬೇಕು. 32 ಬಿಟ್ ಇಂಟ್‌ನಲ್ಲಿ ಹಿಡಿಯುವುದು 2147483647ರವರೆಗೆ ಮಾತ್ರ. ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ 1932053504 ಅಂತ ನಂಬುವ ಹಾಗಿರುವ ಸಂಖ್ಯೆಯೇ ಬರುತ್ತದೆ. ಇಂಟ್ ಬದಲು ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ‘ಲಾಂಗ್ ಲಾಂಗ್’ ಹಾಕಿದರೆ 20ರವರೆಗೆ ನಡೆಯುತ್ತದೆ.

ತುಂಗಾತೀರ:
15.0 ಹಾಕಿದೆ, 461.15 ಬಂತು! ಮುಂದಿನ ವಾರ ಬೈನರಿ ಸರ್ಚ್ ಇದೆ, ಅದೇ, ಕ್ರಮದಲ್ಲಿರುವ ಪಟ್ಟಿಯನ್ನು ಪ್ರತಿಸಲ ಅರ್ಧ ಮಾಡುತ್ತಾ ಹುಡುಕುವುದು. ಅದಕ್ಕೆ ಹಾಳೆಯಲ್ಲಿ ಏನು ಮಾಡಲಿ?

ಲ್ಯಾಬ್ ಮೇಡಂ:
ಏಳು ಸಂಖ್ಯೆ ಏರಿಕೆಯಲ್ಲಿ ಬರೆದು ಲೋ, ಹೈ, ಮಿಡ್ (ಹುಡುಕುವ ಭಾಗದ ಮೊದಲು, ಕೊನೆ, ನಡು) ಅಂತ ಮೂರು ಕಾಲಂ ಹಾಕಿ. ಮೊದಲು ಕೊನೆಯ ಸಂಖ್ಯೆಯನ್ನು ಹುಡುಕಿ, ಆಮೇಲೆ ಪಟ್ಟಿಯಲ್ಲಿ ಇಲ್ಲದ ಒಂದನ್ನು. ಇಲ್ಲದ್ದನ್ನು ಹುಡುಕುವಾಗ ಲೂಪ್ ಯಾವಾಗ ನಿಲ್ಲಬೇಕು ಅಂತ ಆ ಕಾಲಂಗಳನ್ನು ನೋಡಿ ನೀವೇ ಹೇಳಿ. ಇಲ್ಲೇ ಬರೆಯಿರಿ, ನೋಡುತ್ತೇನೆ.