ಕ್ರಿಸ್ಮಸ್ ರಾತ್ರಿ ಮನೆಯವರೆಲ್ಲ ನೆನಪು, ಕೃತಜ್ಞತೆ ಹೇಳಿಕೊಳ್ಳುವುದು: ನಿಮ್ಮ ಅನುಭವ ತಿಳಿಸಿ

ಕಿರಿಯ ಸೊಸೆ: ಮಾವನವರು ತೀರಿಕೊಂಡ ಮೇಲೆ ಇದು ಮೊದಲ ಕ್ರಿಸ್ಮಸ್. 24ರ ರಾತ್ರಿ ಆರಾಧನೆ ಮುಗಿಸಿ ಬಂದು 17 ಜನ ಒಟ್ಟಿಗೆ ಕೂರುತ್ತೇವೆ. ಒಬ್ಬೊಬ್ಬರೂ ಮಾವನವರದೊಂದು ನೆನಪು, ದೇವರಿಗೊಂದು ಕೃತಜ್ಞತೆ ಹೇಳಲಿ ಎಂಬುದು ಅತ್ತೆಯವರ ಆಸೆ. ಇಬ್ಬರು ಭಾವಂದಿರ ನಡುವೆ ಮಾತಿಲ್ಲ. ಹೇಗೆ ನಡೆಸಲಿ?

ಹಿರಿಮಗಳು: 2016ರಲ್ಲಿ ನಮ್ಮ ಮನೆಯಲ್ಲಿ ಬಾಗಿಲ ಪಕ್ಕದಿಂದ ಸರದಿ ಶುರುವಾಯಿತು. ತಲೆಗೆ ಎರಡು ನಿಮಿಷ ಎಂದಿದ್ದೆವು. ದೊಡ್ಡಪ್ಪ ಒಬ್ಬರೇ 47 ನಿಮಿಷ ತೆಗೆದುಕೊಂಡರು. ಅಮ್ಮನ ಸರದಿ ಬರುವಾಗ ಹನ್ನೆರಡೂವರೆ ದಾಟಿತ್ತು, ಮಕ್ಕಳು ಮಲಗಿಬಿಟ್ಟಿದ್ದರು. ಅಮ್ಮ, "ನನ್ನದೇನೂ ಇಲ್ಲ, ಪ್ರಾರ್ಥನೆ ಮಾಡಿ ಮುಗಿಸಿ" ಎಂದರು. ಮುಂದಿನ ಆಗಸ್ಟಿನಲ್ಲಿ ಅವರು ಹೋದರು. ಅವರ ಬೈಬಲಿನಲ್ಲಿ 103ನೆಯ ಕೀರ್ತನೆಯ ಪುಟದೊಳಗೆ ನಾಲ್ಕು ಮಡಿಕೆಯ ಕಾಗದವೊಂದು ಸಿಕ್ಕಿತು. ಹಳೆಯ ಕ್ಯಾಲೆಂಡರ್ ಹಾಳೆ, ಬೆನ್ನಿಗೆಲ್ಲ ಪೆನ್ಸಿಲ್ ಬರಹ. ಆ ರಾತ್ರಿ ಹೇಳಲೆಂದು 11 ಸಾಲು ಬರೆದು ತಂದಿದ್ದರು. ನನ್ನ ಹೆಸರು ಮೂರನೆಯ ಸಾಲಿನಲ್ಲಿದೆ. ಅಂದಿನಿಂದ ನಮ್ಮಲ್ಲಿ ಮನೆಯ ಹಿರಿಯ ಹೆಂಗಸೇ ಮೊದಲು ಮಾತನಾಡುವುದು.

ಕ್ಯಾಸೆಟ್ ಪೆಟ್ಟಿಗೆ: ಯಾರು ಮೊದಲು ಎಂಬುದು ಆಮೇಲಿನ ಮಾತು, ಧ್ವನಿಮುದ್ರಣ ಮಾಡಿಕೊಳ್ಳಿ. ಅಪ್ಪ ಪ್ರತಿ ಕ್ರಿಸ್ಮಸ್‌ಗೆ ಹೇಳುತ್ತಿದ್ದ ಸಾಕ್ಷಿ, ಅಂದರೆ ದೇವರು ತಮ್ಮ ಬಾಳಿನಲ್ಲಿ ಮಾಡಿದ್ದರ ಮಾತು, ನನ್ನ ಬಳಿ 11 ಕ್ಯಾಸೆಟ್‌ಗಳಲ್ಲಿದೆ. ಎಲ್ಲವೂ 90 ನಿಮಿಷದವು, ಒಂದು ಬದಿಗೆ 45. ಕಂಪ್ಯೂಟರಿಗೆ ಇಳಿಸಲು ಒಳದಾರಿಯಿಲ್ಲ. ಓಡುವಷ್ಟು ಹೊತ್ತೂ ಕಾಯಬೇಕು. ಬರೀ ಓಡಿಸುವುದಕ್ಕೇ ಹದಿನಾರೂವರೆ ಗಂಟೆ. ಎರಡಕ್ಕೆ ಬೂಷ್ಟು ಹಿಡಿದಿತ್ತು, ಒಂದರ ಟೇಪ್ ತುಂಡಾಯಿತು. ಸಿ.ಡಿ. ಗುಣಮಟ್ಟದ ವೇವ್ ಕಡತವೆಂದರೆ ನಿಮಿಷಕ್ಕೆ ಸುಮಾರು 10 ಮೆಗಾಬೈಟ್. ಒಟ್ಟು 10 ಗಿಗಾಬೈಟ್ ದಾಟಿತು. ತಮ್ಮ "ಇಷ್ಟೆಲ್ಲ ಯಾಕೆ" ಎಂದು ಎಲ್ಲವನ್ನೂ ಧ್ವನಿಯ ಸ್ವಲ್ಪ ಭಾಗ ಬಿಟ್ಟು ಚಿಕ್ಕದಾಗಿಸುವ ಎಂಪಿ3 ಮಾಡಿ, ದೊಡ್ಡ ಕಡತಗಳನ್ನು ನನ್ನನ್ನು ಕೇಳದೆಯೇ ಅಳಿಸಿದ. ಮತ್ತೆ ಮೊದಲಿನಿಂದ ಕೂತೆ.

ಎರಡನೇ ಮಗ: ಧ್ವನಿಮುದ್ರಣ ಬೇಡವೇ ಬೇಡ. ನಮ್ಮ ಮನೆಯಲ್ಲಿ ಮೊಬೈಲನ್ನು ನಡುವೆ ಇಟ್ಟಿದ್ದರು. ಅಣ್ಣ ಎದ್ದು, "ತಮ್ಮನ ಸಾಲ ತೀರಿಸುವ ಶಕ್ತಿಯನ್ನು ದೇವರು ನನಗೆ ಕೊಟ್ಟನು, ಸ್ತೋತ್ರ" ಎಂದ. 19 ಜನರ ಮುಂದೆ, ನನ್ನ ಮಗಳ ಮುಂದೆ. ಬೆಳಗಾಗುವಷ್ಟರಲ್ಲಿ ವಿಡಿಯೊ ಅತ್ತಿಗೆಯ ತವರಿಗೂ ತಲುಪಿತ್ತು. ಮೂರು ಕ್ರಿಸ್ಮಸ್ ನಾನು ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಹಿರಿಯಣ್ಣ: ನಾನು ನಿಮ್ಮ ಅಣ್ಣನಲ್ಲ, ಆದರೆ ನಾನೂ ತಮ್ಮನ ಸಾಲ ಹೊತ್ತವನು. ಏಳು ವರ್ಷ. 84 ಕಂತು. ನಡುವೆ ನನ್ನ ಮಗನ ಓದು ಒಂದು ವರ್ಷ ನಿಂತಿತು. ಇಂದಿಗೂ ತಮ್ಮನ ಬಾಯಿಂದ ಒಂದು ಒಳ್ಳೆಯ ಮಾತಿಲ್ಲ. ಲೂಕನ ಸುವಾರ್ತೆಯ 17ನೆಯ ಅಧ್ಯಾಯ ಓದಿ: ಯೇಸುವಿನಿಂದ ಹತ್ತು ಕುಷ್ಠರೋಗಿಗಳು ಶುದ್ಧರಾದರು, ಕೃತಜ್ಞತೆ ಹೇಳಲು ತಿರುಗಿ ಬಂದವನು ಒಬ್ಬ.

ಎರಡನೇ ಮಗ: ಅಲ್ಲಿ ಕೃತಜ್ಞತೆ ಹೇಳಿದ್ದು ವಾಸಿಯಾದವನು. ವಾಸಿಮಾಡಿದಾತನು ಊರೆಲ್ಲ ಸೇರಿಸಿ ಲೆಕ್ಕ ಒಪ್ಪಿಸಲಿಲ್ಲ.

ಹಿರಿಯಣ್ಣ: "ಆ ಒಂಬತ್ತು ಮಂದಿ ಎಲ್ಲಿ" ಎಂದು ಕೇಳಿದ್ದು ಯಾರು ಸ್ವಾಮಿ?

ಎರಡನೇ ಮಗ: ಕೇಳಿದವನು ಕ್ರಿಸ್ತನು. ನಿಮ್ಮನ್ನು ಆ ಜಾಗದಲ್ಲಿ ಕೂರಿಸಿಕೊಳ್ಳಬೇಡಿ.

ಹಿರಿಮಗಳು: ಇಬ್ಬರೂ ಸಾಕು ಮಾಡಿ. ಆ ತಾಯಿ ಕೇಳಿದ್ದು ಗಂಡನ ನೆನಪನ್ನು, ನಿಮ್ಮ ಕಂತನ್ನಲ್ಲ.

ಹಿರಿಯಣ್ಣ: ನಿಮ್ಮ ದೊಡ್ಡಪ್ಪ 47 ನಿಮಿಷ ಮಾತನಾಡಿದ್ದನ್ನು ಇಷ್ಟು ವರ್ಷ ಎಣಿಸಿ ಇಟ್ಟುಕೊಂಡವರು ನೀವು.

ಹಿರಿಮಗಳು: ಹೌದು, ಇಟ್ಟುಕೊಂಡಿದ್ದೇನೆ. ಅಷ್ಟು ಹೊತ್ತು ನನ್ನ ಅಮ್ಮ ಕಾಗದ ಹಿಡಿದು ಕೂತಿದ್ದರು.

ಭಾನುವಾರ ಶಾಲೆಯ ಅಕ್ಕ: ನಾವು ಮಕ್ಕಳಿಂದ ಪ್ರಶ್ನೆ ಕೇಳಿಸುತ್ತೇವೆ. ಇಸ್ರಾಯೇಲ್ಯರು ಯೊರ್ದನ್ ನದಿ ದಾಟಿದ ನೆನಪಿಗೆ ದೇವರು ಅಲ್ಲಿಂದ 12 ಕಲ್ಲು ಎತ್ತಿಸಿದ್ದು ಮುಂದೆ ಮಕ್ಕಳು "ಈ ಕಲ್ಲುಗಳೇನು" ಎಂದು ಕೇಳಲೆಂದೇ. ಬೈಬಲಿನ ಯೆಹೋಶುವನ ಗ್ರಂಥದ ನಾಲ್ಕನೆಯ ಅಧ್ಯಾಯ. ಕಳೆದ ವರ್ಷ ಆರು ವರ್ಷದ ಮೊಮ್ಮಗ, "ತಾತ ಯಾವಾಗ ಅಳುತ್ತಿದ್ದರು?" ಎಂದು ಕೇಳಿದ. ಹತ್ತು ವರ್ಷ ಬಾಯಿ ಬಿಡದ ನನ್ನ ಯಜಮಾನರು ಅದಕ್ಕೆ ಉತ್ತರ ಕೊಟ್ಟರು.

ಕ್ಯಾಸೆಟ್ ಪೆಟ್ಟಿಗೆ: ಅದನ್ನು ಯಾರಾದರೂ ಮುದ್ರಿಸಿಕೊಂಡರೇ?

ಭಾನುವಾರ ಶಾಲೆಯ ಅಕ್ಕ: ಇಲ್ಲ. ಮುದ್ರಿಸಿದ್ದರೆ ಅವರು ಹೇಳುತ್ತಲೇ ಇರಲಿಲ್ಲ.

ಕ್ಯಾಸೆಟ್ ಪೆಟ್ಟಿಗೆ: ಅವರು ಹೋದ ಮೇಲೆ ಆ ಧ್ವನಿಯನ್ನು ಎಲ್ಲಿಂದ ತರುತ್ತೀರಿ, ಅಕ್ಕ?

ಕಿರಿಯ ಸೊಸೆ: ಅತ್ತೆಯವರೇ ಮೊದಲು ಮಾತನಾಡಲಿ ಎಂದು ಹೇಳಿದ್ದೇನೆ, ಒಪ್ಪಿದ್ದಾರೆ. ಬೀರು ಹುಡುಕುವಾಗ ಮಾವನವರ ಕೈಬರಹವಿರುವ ಕ್ಯಾಸೆಟ್ ಒಂದು ಸಿಕ್ಕಿತು, "ಕ್ರಿಸ್ಮಸ್ 1993". ಇಂದೇ ಹಾಕಿ ಕೇಳಲೇ?

ಕ್ಯಾಸೆಟ್ ಪೆಟ್ಟಿಗೆ: ಬೇಡ ತಂಗಿ, ಇಂದು ಬೇಡ. ಮೊದಲು ಬೆಳಕಿಗೆ ಹಿಡಿದು ಕಿಂಡಿಯಲ್ಲಿ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು, ಯಂತ್ರಕ್ಕೆ ಹಾಕಲೇಬೇಡಿ, ತಿಳಿದವರ ಕೈಗೆ ಕೊಡಿ. ಇಲ್ಲದಿದ್ದರೆ, ಟೇಪ್ ಹೊರಗೆ ಕಾಣುವ ಅಂಚಿಗೆ ಎದುರಿನ ಅಂಚಿನ ಎರಡು ಮೂಲೆಗಳಲ್ಲಿರುವ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ, ಆಗ ಅದರ ಮೇಲೆ ಬೇರೇನೂ ಮುದ್ರಣವಾಗದು. ನಾನು ಮುರಿದಿರಲಿಲ್ಲ. ಅಪ್ಪನ ಪ್ರಾರ್ಥನೆಯ ನಡುವೆ ನಾಲ್ಕು ನಿಮಿಷ ರೇಡಿಯೊ ವಾರ್ತೆ ಇದೆ.