ನಿಶ್ಚಿತಾರ್ಥ ಆದ ಮೇಲೆ ಫೋನ್ ಪೂರ್ತಿ ತೋರಿಸಲೇಬೇಕಾ?

ಮಂಡಕ್ಕಿ_ಮಿರ್ಚಿ: ನಮ್ಮದು ದಾವಣಗೆರೆ, ಹುಡುಗನದು ಚಿತ್ರದುರ್ಗ. ಹೋದ ಭಾನುವಾರ ಮನೆಗೆ ಬಂದವರು ನನ್ನ ಫೋನ್ ತೆಗೆದುಕೊಂಡು ಕ್ಯೂಆರ್ ಸ್ಕ್ಯಾನ್ ಮಾಡಿ ನನ್ನ ವಾಟ್ಸಾಪ್ ಅನ್ನು ಅವರ ಲ್ಯಾಪ್‌ಟಾಪ್‌ಗೆ ಜೋಡಿಸಿಕೊಂಡಿದ್ದಾರೆ, ಕೇಳಿದರೆ 'ಮುಚ್ಚಿಡೋದು ಏನಿದೆ' ಅನ್ನುತ್ತಾರೆ. ನನ್ನದೇನೂ ಇಲ್ಲ. ಆದರೆ ಗೆಳತಿ ತನ್ನ ಮನೆ ಕಷ್ಟ ಬರೆದಿರುತ್ತಾಳಲ್ಲ, ಅದನ್ನೂ ಇವರು ಓದಬೇಕಾ?

ಹಳೇಪೇಟೆ_ಅಕ್ಕ: ವಾಟ್ಸಾಪ್‌ನಲ್ಲಿ 'ಲಿಂಕ್ಡ್ ಡಿವೈಸಸ್' ತೆಗೆದು ಆ ಲ್ಯಾಪ್‌ಟಾಪ್ ಲಾಗ್ ಔಟ್ ಮಾಡಮ್ಮ. ಕದ್ದು ಬೇಡ, ಹೇಳಿಯೇ ಮಾಡು. ನಮ್ಮನೇಲಿ ಇಬ್ಬರಿಗೂ ಪಿನ್ ಗೊತ್ತು, ನೋಡೋಕೆ ಪುರುಸೊತ್ತಿಲ್ಲ ಅಷ್ಟೇ.

ಕೋಟೆ_ಹುಡುಗ: ಇದೇ ತಪ್ಪು ನಾನೂ ಮಾಡಿದ್ದೆ. ಅವಳ ಲೊಕೇಶನ್ ದಿನಾ ನೋಡುತ್ತಿದ್ದೆ, ಬಸ್ ಹತ್ತು ನಿಮಿಷ ತಡವಾದರೂ ತಲೆ ಕೆಡುತ್ತಿತ್ತು, ನಂಬಿಕೆ ಬೆಳೆಯಲಿಲ್ಲ, ನೋಡುವ ಚಟ ಮಾತ್ರ ಬೆಳೆಯಿತು. ಕೊನೆಗೆ ಅವಳೇ ಬೇಡ ಅಂದಳು.

ಸುಮ್ನೆ_ಓದುಗ: ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೇಸ್ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ಜಡ್ಜ್ ಪುಟ್ಟಸ್ವಾಮಿ. ಹಾಗಂತ ಹುಡುಗನ ಮುಂದೆ ತೀರ್ಪು ಓದೋಕಾಗಲ್ಲ ಅಲ್ವಾ!

ಮಂಡಕ್ಕಿ_ಮಿರ್ಚಿ: ಹೇಳಿಯೇ ಲಾಗ್ ಔಟ್ ಮಾಡಿದೆ ಅಕ್ಕ. ಮುಖ ಊದಿಸಿಕೊಂಡಿದ್ದಾರೆ. ಭಾನುವಾರ ದುರ್ಗಕ್ಕೆ ಹೋಗುತ್ತಿದ್ದೇನೆ, ಎದುರೇ ಕೂತು ಮಾತಾಡುತ್ತೇನೆ.