ಅತ್ತೆ, ಕೇಟಿ ಮಂಡಿಯೂರಿದ್ದು ಯಾಕೆ ಅಂದ್ರೆ

ಅತ್ತೆ, ನಿಮ್ಮ ಮೆಸೇಜ್ ನಿನ್ನೆ ರಾತ್ರಿಯೇ ನೋಡಿದೆ. ಎರಡು ಸಾಲಲ್ಲಿ ಉತ್ತರ ಕೊಡೋಕೆ ಮನಸ್ಸು ಬರಲಿಲ್ಲ, ಅದಕ್ಕೇ ಇಷ್ಟುದ್ದ. ಜೋಡಿ ಪಿಕೋ ಅವರ ‘ಪ್ಲೇನ್ ಟ್ರೂತ್’ ಕಾದಂಬರಿ ಅರ್ಧ ಓದಿ ನಿಮಗೆ ಸಿಟ್ಟು ಬಂದಿದೆ. ‘ಕೊಟ್ಟಿಗೆಯಲ್ಲಿ ಹಸುಗೂಸಿನ ಹೆಣ ಸಿಕ್ಕಿದೆ, ಹದಿನೆಂಟರ ಹುಡುಗಿ ಕೇಟಿ ಮೇಲೆ ಕೊಲೆ ಕೇಸು. ವಕೀಲೆ ಅವಳಿಗೋಸ್ಕರ ಒದ್ದಾಡ್ತಿದ್ದರೆ ಇವಳು ಚರ್ಚಿನವರ ಮುಂದೆ ಮಂಡಿಯೂರಿ ತಪ್ಪಾಯ್ತು ಅಂತಾಳಲ್ಲ!’ ಅಂದಿರಿ.

ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಕೇಟಿಯ ಆಮಿಷ್ ಜನರಲ್ಲಿ, ಅಂದ್ರೆ ಆಡಂಬರ ಬಿಟ್ಟು ಹಳೇ ಕಾಲದ ಹಾಗೆ ಸರಳವಾಗಿ ಬದುಕುವ ಕ್ರೈಸ್ತ ಪಂಗಡದಲ್ಲಿ, ತಪ್ಪೊಪ್ಪಿಗೆ ಅಂದ್ರೆ ಬೇರೆಯೇ. ದೀಕ್ಷಾಸ್ನಾನ ಆದವರು ದೊಡ್ಡ ತಪ್ಪು ಮಾಡಿದರೆ ಸಭೆಯ ಮುಂದೆ ಮಂಡಿಯೂರಬೇಕು. ಕೆಲವು ವಾರ ಬಹಿಷ್ಕಾರ, ಊಟಕ್ಕೂ ಬೇರೆ ಮೇಜು. ಅದು ಮುಗಿದ ಮೇಲೆ ಕೈಹಿಡಿದು ಎಬ್ಬಿಸಿ ಒಳಗೆ ಕರೆದುಕೊಳ್ಳುತ್ತಾರೆ. ಆಮೇಲೆ ಆ ಮಾತನ್ನು ಯಾರೂ ಎತ್ತಬಾರದು. ಕೋರ್ಟಿನಲ್ಲಿ ಒಪ್ಪಿಕೊಂಡರೆ ಅಲ್ಲಿಂದ ಶಿಕ್ಷೆ ಶುರು. ಇವರಲ್ಲಿ ಒಪ್ಪಿಕೊಂಡರೆ ವಿಷಯ ಮುಗಿಯುವ ದಾರಿ ತೆರೆಯಿತು ಅಂತ. ಕೇಟಿಗೆ ಗೊತ್ತಿದ್ದದ್ದು ಆ ದಾರಿ ಒಂದೇ ಅಲ್ವಾ?

ಆಮಿಷ್ ಜನ ಹೆಚ್ಚಾಗಿರುವ, ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ನಮ್ಮನೆಯಿಂದ ಒಂದೂವರೆ ಗಂಟೆ ದಾರಿ. ಒಂದು ಸೋಮವಾರ ಹೋಗಿದ್ದೆವು. ಬೂದು ಬಣ್ಣದ ಕುದುರೆ ಗಾಡಿಗಳು, ಮನೆ ಮನೆಯ ಮುಂದೂ ತಂತಿ ಮೇಲೆ ಬಟ್ಟೆ. ಒಂದರಲ್ಲೂ ಹೂವಿನ ಚಿತ್ತಾರ ಇಲ್ಲ. ಹೆಂಗಸರು ಉಡುಪಿಗೆ ಗುಂಡಿ ಹಾಕದೆ ಗುಂಡುಸೂಜಿ ಚುಚ್ಚಿಕೊಂಡಿರುತ್ತಾರೆ. ಗುಂಡಿಯೂ ಆಡಂಬರ ಅನ್ನುವ ಮನೆಯಲ್ಲಿ ಬೆಳೆದವಳು, ತುಂಬಿದ ಕೋರ್ಟಲ್ಲಿ ನಿಂತು ‘ನಾನು ಸರಿ’ ಅಂತ ಹೇಗೆ ವಾದಿಸ್ತಾಳೆ ಹೇಳಿ. ಅವರು ಆಣೆ ಕೂಡ ಇಡುವುದಿಲ್ಲ. ಬೈಬಲ್ ಬೇಡ ಅಂದಿದೆ ಅಂತ.

ಇದೆಲ್ಲ ಬರೀ ಕಥೆ ಅಂದ್ಕೋಬೇಡಿ. ಅದೇ ಲ್ಯಾಂಕಾಸ್ಟರ್ ಕೌಂಟಿಯ ನಿಕೆಲ್ ಮೈನ್ಸ್‌ನಲ್ಲಿ, 2006ರ ಅಕ್ಟೋಬರ್ 2ರಂದು, ಆಮಿಷ್ ಅಲ್ಲದ ಒಬ್ಬ ಶಾಲೆಗೆ ನುಗ್ಗಿ ಹತ್ತು ಹುಡುಗಿಯರಿಗೆ ಗುಂಡು ಹೊಡೆದ. ಐವರು ತೀರಿಹೋದರು. ಅವನೂ ಗುಂಡು ಹೊಡೆದುಕೊಂಡು ಸತ್ತ. ಅದೇ ದಿನ ಆಮಿಷ್ ಹಿರಿಯರು ಅವನ ಹೆಂಡತಿಯನ್ನು ಸಮಾಧಾನ ಮಾಡೋಕೆ ಹೋದರು. ಅವನನ್ನು ಮಣ್ಣು ಮಾಡುವಾಗಲೂ ಬಂದು ನಿಂತರು, ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರೂ ಸೇರಿ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ ಅತ್ತೆ.

ಹಾಗಂತ ನಿಮ್ಮ ಸಿಟ್ಟು ತಪ್ಪು ಅಂತಿಲ್ಲ. ಕ್ಷಮೆ ಸಿಗುತ್ತೆ ಸರಿ, ಆದರೆ ‘ನಿನಗೆ ಏನಾಯ್ತು ಮಗಾ’ ಅಂತ ಕೂರಿಸಿಕೊಂಡು ಕೇಳಬೇಕಲ್ಲ? ಅದನ್ನು ಕೇಳಿದ್ದು ಹೊರಗಿನಿಂದ ಬಂದ ವಕೀಲೆ. ಜಾಮೀನಿನ ಷರತ್ತು ಅಂತ ಕರೆಂಟಿಲ್ಲದ ಆ ಮನೆಗೇ ಬಂದು, ಕೇಟಿಯ ಕೋಣೆಯಲ್ಲೇ ಮಲಗಿದವಳು. ನನಗೆ ಕೋರ್ಟಿನ ವಾದಕ್ಕಿಂತ ಆ ಇಬ್ಬರ ರಾತ್ರಿಯ ಮಾತುಗಳೇ ಜಾಸ್ತಿ ಹಿಡಿಸಿದವು.

ಕೊನೆ ಹೇಳಲ್ಲ, ಅಣ್ಣನೂ ಓದ್ತಿದ್ದಾನೆ. ಕೇಟಿಯ ಅಮ್ಮ ಬರುವ ಕಡೆಯೆಲ್ಲ ಅವಸರ ಮಾಡಬೇಡಿ. ಓದಿ ಮುಗಿಸಿದ ಕೂಡಲೇ ಫೋನ್ ಮಾಡಿ, ಎಷ್ಟು ಹೊತ್ತಾಗಿದ್ರೂ ಪರವಾಗಿಲ್ಲ.